ಹಳೆಸೀರೆ ಮೀಮಾಂಸೆ

ವಿಷಯ: ರಾತ್ರಿ ಹತ್ತಾದರೂ ಮಲಗದ ಕೂಸು ಅಜ್ಜಿಯ ಹಳೆ ನೂಲಿನ ಸೀರೆಯ ತುಂಡೊಂದನ್ನು ಮುಷ್ಟಿಯಲ್ಲಿ ಹಿಡಿದು, ತುದಿ ಚೀಪುತ್ತ ಚೀಪುತ್ತ ನಿದ್ದೆಹೋಗುತ್ತದೆ. ಇದು ಪ್ರತ್ಯಕ್ಷ. ಕಂಡದ್ದನ್ನು ಒಪ್ಪಿಕೊಂಡು ಮನೆಯವರೂ ಮಲಗಬಹುದಿತ್ತು. ಹಾಗೆ ಮಾಡಿದರೆ ಶಾಸ್ತ್ರ ಬೆಳೆಯುವುದು ಹೇಗೆ? ಆದ್ದರಿಂದ ಈ ಪ್ರಬಂಧ.

ಲಕ್ಷಣ: ‘ಮಗು ಹಿಡಿದು ಮಲಗುವ ಮೆತ್ತನೆಯದೇ ನಿದ್ರಾಸಾಧನ’ ಎಂದರೆ ಅತಿವ್ಯಾಪ್ತಿ ದೋಷ, ಅಮ್ಮನ ಜಡೆಗೂ ಅಪ್ಪನ ಕಿವಿಗೂ ಅದು ಅನ್ವಯಿಸುತ್ತದೆ, ಅವನ್ನು ಮಗುವಿನ ಕೈಯಲ್ಲಿ ಬಿಟ್ಟು ಎದ್ದುಹೋಗುವಂತಿಲ್ಲ. ‘ಬಟ್ಟೆ ಮಾತ್ರ’ ಎಂದರೆ ಅವ್ಯಾಪ್ತಿ. ಸೊಂಡಿಲು ಕಿತ್ತ ಆನೆಗೊಂಬೆ ಹೊರಗುಳಿಯುತ್ತದೆ. ‘ಶುಭ್ರವಾದದ್ದು’ ಎಂದು ಸೇರಿಸಿದರೆ ಅಸಂಭವ. ನಿರ್ದುಷ್ಟ ಲಕ್ಷಣ ಇಷ್ಟೇ: ನೆಂಟರು ಬಂದಾಗ ಯಾವುದನ್ನು ಬಚ್ಚಿಡಬೇಕೆನಿಸುತ್ತದೋ, ಬಚ್ಚಿಟ್ಟರೆ ಯಾವುದಕ್ಕಾಗಿ ಬೀದಿ ಕೇಳುವಂತೆ ಅಳು ಏಳುತ್ತದೋ, ಅದು.

ಪೂರ್ವಪಕ್ಷ: ಹೊಟ್ಟೆವಾದಿಗಳು ‘ಹೊಟ್ಟೆ ತುಂಬಿದರೆ ನಿದ್ದೆ ತಾನಾಗಿ ಬರುತ್ತದೆ, ಚಿಂದಿ ಯಾಕೆ?’ ಎನ್ನುತ್ತಾರೆ. ಇವರಿಗೆ ಉತ್ತರ ಕೊಟ್ಟವು ಅಮೆರಿಕದ ಕೋತಿಮರಿಗಳು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹ್ಯಾರಿ ಹಾರ್ಲೊ 1958ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತಂತಿಯ ಒಬ್ಬ ತಾಯಿ, ಬಟ್ಟೆ ಹೊದಿಸಿದ ಇನ್ನೊಬ್ಬ ತಾಯಿ. ಹಾಲಿನ ಬಾಟಲಿ ತಂತಿಯ ತಾಯಿಯಲ್ಲಿದ್ದರೂ ಮರಿಗಳು ಅಲ್ಲಿ ಕುಡಿದು, ಬಂದು ಅವುಚಿಕೊಂಡದ್ದು ಬಟ್ಟೆಯ ತಾಯಿಯನ್ನೇ. ಅಂಗಡಿವಾದಿಗಳದು ಇನ್ನೊಂದು ಪಕ್ಷ. ಇವರ ಆಚಾರ್ಯರು ಸೋದರಮಾವ. ಪ್ರಮಾಣ, ಸೆಲ್ ಹಾಕಿದರೆ ಜೋಗುಳ ಹಾಡುವ ಕರಡಿ. ಅದು ಹಾಡಿದಷ್ಟು ಹೊತ್ತು ಮಗು ಕಣ್ಣರಳಿಸಿ ಕೇಳುತ್ತದೆ, ನಿಂತೊಡನೆ ‘ಇನ್ನೊಮ್ಮೆ’ ಎಂದು ಕಿರುಚುತ್ತದೆ. ಜಾಗರಣೆಯ ರಾತ್ರಿಗೆ ಈ ಸಾಧನ ಪ್ರಶಸ್ತ.

ಸಿದ್ಧಾಂತ: ಲಂಡನ್ನಿನ ಮಕ್ಕಳ ವೈದ್ಯ, ಮನೋವಿಶ್ಲೇಷಕ ಡೊನಾಲ್ಡ್ ವಿನಿಕಾಟ್ 1951ರಲ್ಲಿ ಮಂಡಿಸಿ 1953ರಲ್ಲಿ ಅಚ್ಚು ಹಾಕಿಸಿದ ಪ್ರಬಂಧದ ಪ್ರಕಾರ, ಇಂಥ ವಸ್ತು ಮಗುವಿನ ಪಾಲಿಗೆ ‘ನಾನು’ ಅಲ್ಲ, ಪೂರ್ತಿ ‘ಬೇರೆ’ಯೂ ಅಲ್ಲ. ತಾಯಿ ಪಕ್ಕದಲ್ಲಿಲ್ಲದ ಹೊತ್ತನ್ನು ದಾಟಲು ಅದು ನಡುವೆ ನಿಲ್ಲುತ್ತದೆ. ಶೃಂಗೇರಿಯವರೂ ಉಡುಪಿಯವರೂ ಶತಮಾನಗಳಿಂದ ವಾದಿಸುತ್ತಿರುವ ಭೇದಾಭೇದವನ್ನು ಕೂಸು ಒಂದು ಗೇಣು ಬಟ್ಟೆಯಲ್ಲಿ ಇತ್ಯರ್ಥ ಮಾಡಿಬಿಟ್ಟಿದೆ. ಆ ಬಟ್ಟೆಯನ್ನು ಆರಿಸುವ ಅಧಿಕಾರಿಯೂ ಮಗುವೇ. ‘ನಾನು ತಂದದ್ದು’, ‘ನಾನು ಕೊಟ್ಟದ್ದು’ ಎಂಬ ದೊಡ್ಡವರ ವಾದಕ್ಕೆ ಇಲ್ಲಿ ಅವಕಾಶವಿಲ್ಲ.

ಒಗೆತ ಪ್ರಕರಣ: ಎಲ್ಲೆಲ್ಲಿ ನಾತವೋ ಅಲ್ಲಲ್ಲಿ ನಿದ್ದೆ ಎಂಬ ವ್ಯಾಪ್ತಿಯನ್ನು ಕೆಲವರು ಹೇಳುತ್ತಾರೆ. ಅಡುಗೆಮನೆಯ ಮಸಿಬಟ್ಟೆಯಲ್ಲಿ ಅದು ಮುರಿದುಬೀಳುತ್ತದೆ. ಹಾಗಾಗಿ ‘ಪರಿಚಿತ’ ಎಂಬ ವಿಶೇಷಣ ಬೇಕು. ದೊಡ್ಡಮ್ಮ ‘ಛೀ, ಏನು ಗಬ್ಬು!’ ಎಂದು ಸೀರೆಯ ತುಂಡನ್ನು ಸೋಪಿನಪುಡಿಯಲ್ಲಿ ನೆನೆಸಿದ ದಿನ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಒಗೆದರೆ ಮಗುವಿನ ಅನುಭವದ ಎಳೆ ಕಡಿಯುತ್ತದೆ ಎಂದು ವಿನಿಕಾಟ್ ಅವರೇ ಎಚ್ಚರಿಸಿದ್ದಾರೆ. ದೊಡ್ಡಮ್ಮ ಅದನ್ನು ಓದಿಲ್ಲ.

ಪ್ರತಿನಿಧಿ ವಿಚಾರ: ಸೋಮ ಸಿಗದಿದ್ದರೆ ಪೂತೀಕವನ್ನು ಬಳಸಬಹುದೆಂದು ಮೀಮಾಂಸಕರು ಯಜ್ಞಕ್ಕೆ ರಿಯಾಯಿತಿ ಕೊಟ್ಟರು. ತೊಟ್ಟಿಲಿಗೆ ಆ ರಿಯಾಯಿತಿ ಇಲ್ಲ. ಮನಶ್ಶಾಸ್ತ್ರಜ್ಞರಾದ ಬ್ರೂಸ್ ಹುಡ್, ಪಾಲ್ ಬ್ಲೂಮ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಾವ ವಸ್ತುವನ್ನಾದರೂ ಪಡಿಯಚ್ಚು ತೆಗೆಯುವ ಯಂತ್ರವೆಂದು ನಂಬಿಸಿದ ಪೆಟ್ಟಿಗೆಯನ್ನು ಪುಟ್ಟ ಮಕ್ಕಳ ಮುಂದಿಟ್ಟರು. ಕೆಲವರು ತಮ್ಮ ನೆಚ್ಚಿನದನ್ನು ಒಳಗಿಡಲೇ ಒಪ್ಪಲಿಲ್ಲ. ಇಟ್ಟವರಲ್ಲಿ ಹೆಚ್ಚಿನವರು ಹಳೆಯದನ್ನೇ ವಾಪಸ್ ಕೇಳಿದರು. ಅದೇ ಸೀರೆಯ ಇನ್ನೊಂದು ತುಂಡನ್ನು ಕೊಟ್ಟು ಮಗುವನ್ನು ಯಾಮಾರಿಸಲು ಹೊರಟ ಅಪ್ಪಂದಿರು ಇದನ್ನು ಗಮನಿಸಬೇಕು.

ನಿಷೇಧ: ಇಲ್ಲಿ ಮಾತ್ರ ವಾದವಿಲ್ಲ. ವರ್ಷ ತುಂಬುವವರೆಗೆ ಮಗು ಮಲಗುವ ಜಾಗದಲ್ಲಿ ದಿಂಬು, ಕೌದಿ, ಮೆತ್ತನೆ ಗೊಂಬೆ, ಬಿಡಿಬಟ್ಟೆ ಯಾವುದೂ ಇರಬಾರದು, ಅಂಗಾತ ಮಲಗಿಸಬೇಕು ಎಂಬುದು ಮಕ್ಕಳ ವೈದ್ಯರ ವಿಧಿ. ಕಾರಣ, ಮುಖದ ಮೇಲೆ ಬಿದ್ದದ್ದನ್ನು ಎಳೆಗೂಸು ಸರಿಸಲಾರದೆ ಉಸಿರು ಕಟ್ಟಬಹುದು. ಅಲ್ಲಿಯವರೆಗೆ ತುಂಡು ಮಡಿಲಲ್ಲಿ ಮಾತ್ರ. ಮಲಗಿಸುವ ಮೊದಲು ಬೆರಳು ಬಿಡಿಸಿ ತೆಗೆಯಬೇಕು. ಈ ಬೆರಳು ಬಿಡಿಸುವ ವಿದ್ಯೆಯ ಮೇಲೆ ಗ್ರಂಥಗಳಿಲ್ಲ, ಗುರುಮುಖೇನ ಕಲಿಯತಕ್ಕದ್ದು.

ಫಲಶ್ರುತಿ: ಈ ಮೀಮಾಂಸೆಯನ್ನು ಆದ್ಯಂತ ಓದಿದವರ ಮನೆಯ ಕೂಸು ಬೇಗ ಮಲಗುತ್ತದೆಂದು ಹೇಳಲಾಗದು. ಓದಿದವರು ಬಕೆಟ್ಟಿಗೆ ಸೋಪಿನಪುಡಿ ಹಾಕುವ ಮುಂಚೆ ಒಂದು ಗಳಿಗೆ ತಡೆದು ‘ಇದು ಯಾರದು?’ ಎಂದು ಕೇಳಿದರೆ ಶಾಸ್ತ್ರ ಸಾರ್ಥಕ.