ಅಟ್ಟ ತಪ್ಪಿಸಿಕೊಂಡ ಲ್ಯಾಪ್‌ಟಾಪು

ಕಿವಿ ಮುರಿದ ಬಾಣಲೆ, ಮುಳ್ಳು ನಿಂತ ಗಡಿಯಾರ, ಯಾವುದನ್ನೂ ಎಸೆಯುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಎಲ್ಲಕ್ಕೂ ಅಟ್ಟದ ಮೇಲೆ ಜಾಗವುಂಟು. ಮಗಳ ಹಳೆಯ ಲ್ಯಾಪ್‌ಟಾಪು ಮಂಚದಿಂದ ಬಿದ್ದು ಪರದೆ ಒಡೆದುಕೊಂಡಾಗ ಅದೂ ನ್ಯಾಯವಾಗಿ ಅಲ್ಲಿಗೇ ಹೋಗಬೇಕಿತ್ತು. ಆದರೆ ರಿಪೇರಿ ಹುಡುಗ, “ಒಳಗೆಲ್ಲ ಗಟ್ಟಿಯಾಗಿದೆ ಸಾರ್, ಬರೀ ಮುಖ ಹೋಗಿದೆ” ಅಂದುಬಿಟ್ಟ. ಐವತ್ತು ದಾಟಿದವನಿಗೆ ಇಂಥ ಮಾತು ಬೇಗ ನಾಟುತ್ತದೆ.

ಅದನ್ನೇ ಮನೆಯ ಸರ್ವರ್ ಮಾಡೋಣ ಅನ್ನಿಸಿತು. ಸರ್ವರ್ ಕೆಲಸಕ್ಕೆ ಮುಖವೇ ಬೇಡ. ದೂರದಿಂದಲೇ ಎಸ್‌ಎಸ್‌ಎಚ್ ಮೂಲಕ ಮಾತಾಡಿಸಿದರಾಯಿತು. 1995ರಲ್ಲಿ ಅದನ್ನು ಬರೆದವರು ಫಿನ್ಲೆಂಡಿನ ತಾತು ಉಲೋನೆನ್. ಲಿನಕ್ಸ್ ಹುಟ್ಟಿದ್ದೂ ಅಲ್ಲೇ, 1991ರಲ್ಲಿ. ಚಳಿಗೆ ಮನೆಯೊಳಗೆ ಕೂತರೆ ಅವರಿಗೆ ಇಂಥದ್ದೆಲ್ಲ ಹೊಳೆಯುತ್ತದೆ. ನನಗೆ ಈರುಳ್ಳಿ ಬಜ್ಜಿ ಹೊಳೆಯುತ್ತದೆ.

ಲಿನಕ್ಸ್ ಹಾಕುವ ಹೊತ್ತಿಗೆ ಮಾತ್ರ ಒಂದು ಪರದೆ ಬೇಕಲ್ಲ, ಎಚ್‌ಡಿಎಂಐ ಕೇಬಲ್ಲಿನಿಂದ ಹಾಲಿನ ಟಿ.ವಿ.ಗೆ ಸಿಕ್ಕಿಸಿದೆ. ಅದು ಧಾರಾವಾಹಿಯ ಹೊತ್ತು. ಕಪ್ಪು ತೆರೆಯ ಮೇಲೆ ಬಿಳಿ ಅಕ್ಷರಗಳು ಇರುವೆ ಸಾಲಿನಂತೆ ಮೇಲೇರುವುದನ್ನು ನೋಡಿ ಅತ್ತೆಯವರು, “ಅಳಿಯಂದ್ರೇ, ಇದನ್ನೂ ಕೆಡಿಸಿದ್ರಾ?” ಎಂದರು. ಡೆಬಿಯನ್ ಎಂಬ ಈ ಲಿನಕ್ಸಿನ ಆವೃತ್ತಿಗಳಿಗೆಲ್ಲ ‘ಟಾಯ್ ಸ್ಟೋರಿ’ ಸಿನಿಮಾದ ಪಾತ್ರಗಳ ಹೆಸರಿಡುತ್ತಾರೆ ಅಂತ ಸಮಾಧಾನ ಹೇಳಹೋದೆ. ಅವರಿಗೆ ಅದರಿಂದ ಏನೂ ಸಮಾಧಾನವಾಗಲಿಲ್ಲ.

ಮುಚ್ಚಳ ಮುಚ್ಚಿದರೆ ನಿದ್ದೆಹೋಗುವುದು ಲ್ಯಾಪ್‌ಟಾಪಿನ ಹುಟ್ಟುಗುಣ. ಆದರೆ ಈ ಹುಟ್ಟುಗುಣ ಸುಡದೆಯೂ ಹೋಗುತ್ತದೆ: ಲಾಗಿನ್‌ಡಿ ಕಡತದಲ್ಲಿ ‘ಹ್ಯಾಂಡಲ್‌ಲಿಡ್‌ಸ್ವಿಚ್’ ಎದುರಿಗೆ ‘ಇಗ್ನೋರ್’ ಎಂದು ಬರೆದರೆ ಸಾಕು. ಈಗ ಅದು ರೂಟರಿನ ಪಕ್ಕ ಕಣ್ಣುಮುಚ್ಚಿ ಎಚ್ಚರವಾಗಿ ಕೂತಿದೆ. ಮನೆಯವರ ಫೋಟೊಗಳೆಲ್ಲ ಅದರ ಹೊಟ್ಟೆಯಲ್ಲಿ. ಜೆಲ್ಲಿಫಿನ್ ಎಂಬ ಮೀಡಿಯಾ ಸರ್ವರ್ ತಂತ್ರಾಂಶ ಹಾಕಿದ ಮೇಲೆ ಅತ್ತೆಯವರ ಭಜನಾ ಮಂಡಳಿಯ ವಿಡಿಯೊಗಳು ಅದೇ ಟಿ.ವಿ.ಯಲ್ಲಿ ಬರುತ್ತಿವೆ, ನನ್ನ ಮೇಲಿನ ಕೇಸು ಖುಲಾಸೆಯಾಗಿದೆ.

ಕರೆಂಟು ಹೋದರೂ ಬ್ಯಾಟರಿ ಇರುವ ಕಾರಣ ಸರ್ವರ್ ಬೀಳುವುದಿಲ್ಲ ಎಂದು ನಾನು ಬೀಗುತ್ತಿದ್ದೆ. ನಿಜಕ್ಕೂ ಬೀಳಲಿಲ್ಲ. ರೂಟರ್ ಆರಿಹೋಗಿ, ಆ ಕತ್ತಲೆಯಲ್ಲಿ ಅದನ್ನು ಮಾತಾಡಿಸುವವರೇ ಇಲ್ಲವಾದರು, ಅಷ್ಟೆ. ಈಗ ರೂಟರಿಗೂ ಯುಪಿಎಸ್ ಲೈನು ಎಳೆಸಿದ್ದೇನೆ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಬಿದ್ದಿದ್ದರೆ ಇಳಿಸಿ ನೋಡಿ. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ತಳ ಉಬ್ಬಿದ್ದರೆ ಮಾತ್ರ ಆನ್ ಮಾಡಬೇಡಿ, ಬ್ಯಾಟರಿ ಊದಿಕೊಂಡಿರುತ್ತದೆ. ಚುಚ್ಚದೆ, ಒತ್ತದೆ, ಬಲ್ಲವರಿಂದ ತೆಗೆಸಿ ಇ-ತ್ಯಾಜ್ಯದವರಿಗೆ ಕೊಡಿ. ಬ್ಯಾಟರಿ ಇಲ್ಲದೆಯೂ ಚಾರ್ಜರಿನ ಮೇಲೇ ಓಡುವ ಲ್ಯಾಪ್‌ಟಾಪುಗಳು ಬೇಕಾದಷ್ಟಿವೆ. ಫೋಟೊಗಳ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿಡಿ, ಮತ್ತೆ ದಯವಿಟ್ಟು ಧಾರಾವಾಹಿ ಮುಗಿದ ಮೇಲೆ ಶುರುಮಾಡಿ.