‘ನ್ಯೂ ಫೋಲ್ಡರ್ (2)’: ಪಾಠಾಂತರ ವಿಚಾರ

ನಮ್ಮ ಮನೆಯ ಬೀರುವಿನಲ್ಲಿ, ಬಾಗಿನಕ್ಕೆ ಬಂದ ರವಿಕೆ ಕಣಗಳ ಅಡಿಯಲ್ಲಿ ದೊರೆತ ಒಂದು ಟಿಬಿ ಹಾರ್ಡ್‌ಡಿಸ್ಕೇ ಪ್ರಸ್ತುತ ಸಂಶೋಧನೆಯ ಆಕರ. ಕಂಪ್ಯೂಟರಿಗೆ ಚುಚ್ಚಿದರೆ ತೋರಿಸಿದ್ದು 931 ಜಿಬಿ. ಮಿಕ್ಕಿದ್ದನ್ನು ಅಂಗಡಿಯವನು ನುಂಗಿದನೆಂದು ನಮ್ಮ ಮಾವನವರ ಮತ. ಮಾರುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಅಳೆಯುತ್ತದೆ. ಊರಿಗೊಂದು ಸೇರು ಕಂಡವರಿಗೆ ಇದೇನು ಹೊಸದಲ್ಲ.

ಒಳಗೆ ನಮ್ಮ ಮದುವೆಯ ವೀಡಿಯೊದ ನಾಲ್ಕು ಪ್ರತಿಗಳಿವೆ: ‘ನ್ಯೂ ಫೋಲ್ಡರ್’, ‘ನ್ಯೂ ಫೋಲ್ಡರ್ (2)’, ‘ಮದುವೆ ಫೈನಲ್’, ‘ಮದುವೆ ಫೈನಲ್ ಒರಿಜಿನಲ್’. ಇವನ್ನು ಕ, ಖ, ಗ, ಘ ಎಂದು ಕರೆದಿದ್ದೇನೆ. ವಿದ್ವತ್ತಿಗೆ ಇಷ್ಟೇ ಸಾಕಿತ್ತು. ತೆರೆದು ನೋಡಿ ಕೆಟ್ಟೆ.

ಮೂಲಪ್ರತಿ ವಿಎಚ್‌ಎಸ್ ಕ್ಯಾಸೆಟ್. ಬೂಷ್ಟು ಹಿಡಿದು ಅನುಪಲಬ್ಧ. ‘ಕ’ ಪ್ರತಿ ವಿಸಿಡಿ ಶಾಖೆಯದು. ಒಂದು ಸಿಡಿಗೆ ಹಿಡಿಸುತ್ತಿದ್ದುದು ಸುಮಾರು 74 ನಿಮಿಷ. ಹಾಗಾಗಿ ತಾಳಿಯ ಮೊದಲ ಗಂಟು ಒಂದು ಸಿಡಿಯಲ್ಲಿ, ಉಳಿದೆರಡು ಮುಂದಿನದರಲ್ಲಿ. ನಡುವಿನ ಅವಧಿಯಲ್ಲಿ ನಾನು ವಿವಾಹಿತನೋ ಅಲ್ಲವೋ ಎಂಬುದು ಜಿಜ್ಞಾಸೆಗೆ ಯೋಗ್ಯ. ‘ಖ’ ಡಿವಿಡಿ ಶಾಖೆ; ಅಲ್ಲಿ ಒಂದು ವಿಒಬಿ ಫೈಲು 1 ಜಿಬಿ ಮೀರುವಂತಿಲ್ಲವಾದ್ದರಿಂದ ಮದುವೆ ಚಂಪೂಕಾವ್ಯದಂತೆ ಐದು ಆಶ್ವಾಸಗಳಾಗಿ ಒಡೆದಿದೆ. ‘ಗ’ ಎಂಪಿ4. ಪುರೋಹಿತರ ಮಂತ್ರವಿದ್ದ ಕಡೆ ಸಿನಿಮಾ ಹಾಡು ಬರುತ್ತದೆ. ನಿಸ್ಸಂದೇಹವಾಗಿ ಸ್ಟುಡಿಯೊದವನ ಪ್ರಕ್ಷೇಪ. ‘ಒರಿಜಿನಲ್’ ಎಂಬ ಬಿರುದು ಹೊತ್ತ ‘ಘ’ದ ಗಾತ್ರ 1 ಕೆಬಿ. ಅದು ಶಾರ್ಟ್‌ಕಟ್. ಎಂದೋ ಗುಜರಿಗೆ ಹೋದ ಕಂಪ್ಯೂಟರಿನ ಡಿ ಡ್ರೈವಿನ ಕಡೆಗೆ ಈಗಲೂ ಕೈ ತೋರಿಸುತ್ತ ನಿಂತಿದೆ.

ಪ್ರಾಸಂಗಿಕವಾಗಿ ಒಂದು ಮಾತು. ಹಲ್ಮಿಡಿ ಶಾಸನ ಒಂದೂವರೆ ಸಾವಿರ ವರ್ಷದ ಮೇಲೂ ಓದಲು ಸಿಗುತ್ತದೆ. ಮಗಳು ಹೋದ ವಾರ ಐಫೋನಿನಿಂದ ಕಳಿಸಿದ ಮೊಮ್ಮಗನ ಹೆಚ್‌ಇಐಸಿ ಫೋಟೊ ನನ್ನ ಹಳೆಯ ಕಂಪ್ಯೂಟರಿನಲ್ಲಿ ತೆರೆಯುವುದಿಲ್ಲ. ಕಲ್ಲಿಗೆ ಅಪ್‌ಡೇಟ್ ಬೇಕಿರಲಿಲ್ಲ.

ಇರಲಿ. ಮೂರನ್ನೂ ಕೂಡಿಸಿ 4.6 ಜಿಬಿಯ ಶುದ್ಧಪ್ರತಿಯೊಂದನ್ನು ಸಿದ್ಧಗೊಳಿಸಿ, 32 ಜಿಬಿಯ ಖಾಲಿ ಪೆನ್‌ಡ್ರೈವಿಗೆ ಹಾಕಹೋದೆ. ಹಿಡಿಸದು ಎಂದಿತು. ಫ್ಯಾಟ್32 ಪದ್ಧತಿ 4 ಜಿಬಿಗೆ ಮೇಲ್ಪಟ್ಟ ಫೈಲನ್ನು ಒಳಗೆ ಬಿಡುವುದಿಲ್ಲವಂತೆ. ಜಾಗ ಇದೆ; ಜಾಗ ಇಲ್ಲ; ಇದ್ದೂ ಇಲ್ಲ. ಜೈನರ ಸ್ಯಾದ್ವಾದಕ್ಕೆ ಇದಕ್ಕಿಂತ ಅಗ್ಗದ ನಿದರ್ಶನ ಸಿಗಲಾರದು. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆಂದು ತಿಳಿದು, ಮಾಡಿದೆ. ಪೆನ್‌ಡ್ರೈವು ಎಫ್, ಹಾರ್ಡ್‌ಡಿಸ್ಕು ಇ. ನಾನು ಒತ್ತಿದ್ದು ಇ.

ಸದ್ಯಕ್ಕೆ ಎಲ್ಲ ಪ್ರತಿಗಳೂ ಅನುಪಲಬ್ಧ. ಮನೆಯಾಕೆಗೆ ತಿಳಿಯುವ ಮುನ್ನ ಈ ಪ್ರಬಂಧವನ್ನು ಅಚ್ಚಿಗೆ ಕಳಿಸುತ್ತಿದ್ದೇನೆ.