ಪಕ್ಷಪಾತ ನಿವಾರಣ ಮೀಮಾಂಸೆ

ಪಕ್ಷ ಎಂಬ ಪದಕ್ಕೆ ಕೋಶಕಾರರು ರೆಕ್ಕೆ, ಹದಿನೈದು ದಿನ, ವಾದದ ಒಂದು ಮಗ್ಗುಲು, ರಾಜಕೀಯ ಗುಂಪು ಎಂದೆಲ್ಲ ಅರ್ಥ ಕೊಟ್ಟು ಕೈತೊಳೆದುಕೊಂಡಿದ್ದಾರೆ. ಈ ನಾಲ್ಕೂ ಒಂದೇ ಕಡೆ ಕೂಡುವುದನ್ನು ಕಾಣಬೇಕೆಂದರೆ ಸೆಕೆಂಡ್‌ಹ್ಯಾಂಡ್ ದ್ವಿಪಕ್ಷ ವಿಮಾನ ಕೊಳ್ಳಬೇಕು. ಕೊಲೊರಾಡೊದಲ್ಲಿರುವ ನನ್ನ ಷಡ್ಡಕರು ಕೊಂಡರು. ಅದು ಸ್ಕೈಬೋಲ್ಟ್: ಡೆನ್ವರ್‌ನ ಹೈಸ್ಕೂಲ್ ಮೇಷ್ಟ್ರು ಲಾಮಾರ್ ಸ್ಟೀನ್ ವಿನ್ಯಾಸ ಮಾಡಿ, 1970ರಲ್ಲಿ ಮೊದಲು ಹಾರಿದ್ದು, ನಕ್ಷೆ ತರಿಸಿಕೊಂಡು ಯಾರು ಬೇಕಾದರೂ ಮನೆಯ ಶೆಡ್ಡಿನಲ್ಲಿ ಕಟ್ಟಿಕೊಳ್ಳುವಂಥದ್ದು. ಷಡ್ಡಕರದ್ದನ್ನೂ ಯಾರೋ ಹಾಗೇ ಕಟ್ಟಿದ್ದರು. ಹಾರುವಾಗ ನಡೆಸುವ ಕೋಲಿನಿಂದ ಕೈ ತೆಗೆದರೆ ಸಾಕು, ಎಡರೆಕ್ಕೆ ಬೀಳುತ್ತಿತ್ತು. ಪಕ್ಷದ ಪಾತವೇ ಪಕ್ಷಪಾತ ಎಂಬ ವ್ಯುತ್ಪತ್ತಿ ನನಗೆ ಹೊಳೆದದ್ದು ಒಂದು ರಾತ್ರಿ ಈ ದೂರು ಹೊತ್ತು ಅವರ ಫೋನ್ ಬಂದಾಗ. ನನಗೆ ವಿಮಾನ ತಿಳಿಯದು. ಮೀಮಾಂಸೆಗೆ ಅದೇನೂ ಅಡ್ಡಿಯಲ್ಲ.

ಶಾಸ್ತ್ರದಲ್ಲಿ ಮೊದಲು ಅಧಿಕಾರಿ ಯಾರೆಂದು ಹೇಳಬೇಕು. ವಿಮಾನವನ್ನು ಮುಖ್ಯವಾಗಿ ಸ್ವಂತ ಕೈಯಿಂದ ಕಟ್ಟಿದವನಿಗೆ ಪ್ರತಿವರ್ಷ ಅದನ್ನು ತಪಾಸಿಸಿ ಸಹಿ ಹಾಕುವ ಪ್ರಮಾಣಪತ್ರವನ್ನು ಅಮೆರಿಕದ ಸರ್ಕಾರ ಕೊಡುತ್ತದೆ. ವಿಮಾನ ಮಾರಿದರೆ ಆ ಪತ್ರ ಜೊತೆಗೆ ಹೋಗುವುದಿಲ್ಲ. ಹೆತ್ತಪ್ಪನಿಗಿರುವ ಹಕ್ಕು ಸಾಕಿದಪ್ಪನಿಗೆ ತಾನಾಗಿ ಬರುವುದಿಲ್ಲ. ಅವನು ಸ್ಪ್ಯಾನರ್ ಹಿಡಿಯಬಹುದು, ವಾರ್ಷಿಕ ಸಹಿಗೆ ಮಾತ್ರ ಲೈಸೆನ್ಸ್ ಇರುವವರೇ ಬೇಕು.

ಇನ್ನು ಪೂರ್ವಪಕ್ಷ. ಬೀಳುವ ಕಡೆಯ ತಂತಿ ಬಿಗಿದರೆ ಆಯಿತಲ್ಲ ಎಂಬುದು ಷಡ್ಡಕರ ವಾದ. ಹಾರುವಾಗ ರೆಕ್ಕೆ ಮೇಲಕ್ಕೆ ಮಡಚಿಕೊಳ್ಳದಂತೆ ಹಿಡಿಯುವವು ಫ್ಲೈಯಿಂಗ್ ವೈರ್. ನೆಲದ ಮೇಲೆ ನಿಂತಾಗ ಜೋತುಬೀಳದಂತೆ ಹಿಡಿಯುವವು ಲ್ಯಾಂಡಿಂಗ್ ವೈರ್. ತಂತಿಯ ಎರಡು ತುದಿಗೂ ಎದುರುಬದುರು ಥ್ರೆಡ್, ತಂತಿಯನ್ನೇ ತಿರುಗಿಸಿದರೆ ಎರಡೂ ಕಡೆ ಒಟ್ಟಿಗೆ ಬಿಗಿಯುತ್ತದೆ. ಆದರೆ ಚಪ್ಪರ ಹಾಕಿದವರನ್ನು ಕೇಳಿ: ಒಂದು ಹಗ್ಗ ಎಳೆದರೆ ಉಳಿದವೆಲ್ಲ ಮಾತಾಡುತ್ತವೆ. ಕೃಷ್ಣಪಕ್ಷ ಪೂರ್ತಿ ಷಡ್ಡಕರು ತಿರುಗಿಸಿದರು. ಶುಕ್ಲಪಕ್ಷ ಬಂತು, ರೆಕ್ಕೆ ಬೀಳುವುದು ನಿಲ್ಲಲಿಲ್ಲ. (ತಂತಿಗಳೆಲ್ಲ ಇವೆಯೇ ಎಂದು ನೋಡಲು ರೆಕ್ಕೆಗಳ ನಡುವೆ ಹಕ್ಕಿ ಬಿಡಬೇಕು, ಹೊರಗೆ ಬಂದರೆ ಒಂದು ತಂತಿ ಕಡಿಮೆ ಎಂಬ ಹಳೆಯ ಜೋಕನ್ನು ನಾನು ಪ್ರಮಾಣವೆಂದೇ ಹೇಳಿದೆ. ಅವರು ನಗಲಿಲ್ಲ.)

ಕೊನೆಗೆ ಬಂದ ಮುದುಕ ಮೆಕ್ಯಾನಿಕ್ ಮೊದಲು ತಂತಿ ಮುಟ್ಟಲೇ ಇಲ್ಲ. ಬಾಲವನ್ನು ಸ್ಟ್ಯಾಂಡಿನ ಮೇಲೆ ಎತ್ತಿಸಿ, ಒಡಲಿಗೆ ಉದ್ದಕ್ಕೂ ಅಡ್ಡಕ್ಕೂ ರಸಮಟ್ಟ ಇಟ್ಟ. ಎಡಗಡೆ ತಗ್ಗು! ನೀರು ಹರಿಯಲೆಂದು ಹ್ಯಾಂಗರಿನ ನೆಲಕ್ಕೇ ಇಳಿಜಾರು ಕೊಟ್ಟಿದ್ದರು, ಸಾಲದ್ದಕ್ಕೆ ಎಡ ಟೈರಿನಲ್ಲಿ ಗಾಳಿ ಕಮ್ಮಿ. ಷಡ್ಡಕರು ಇಷ್ಟು ದಿನ ಅಳೆದದ್ದು ಆ ನೆಲದಿಂದ. ಕುಣಿಯಲಾರದವಳು ನೆಲ ಡೊಂಕು ಅಂದಳೆಂದು ನಾವು ಆಡಿಕೊಳ್ಳುತ್ತೇವೆ. ಆಕೆ ರಸಮಟ್ಟ ಇಟ್ಟೇ ಅಂದಿರಬೇಕು.

ಸಿದ್ಧಾಂತ ನಡುವಿನಿಂದ ಶುರುವಾಗುತ್ತದೆ. ಮೇಲಿನ ರೆಕ್ಕೆಯ ನಡುಭಾಗವನ್ನು ಒಡಲಿನ ಮೇಲೆ ಹೊತ್ತು ನಿಂತ ಗಿಡ್ಡ ಕಂಬಗಳು ಸರಿಯಿಲ್ಲದಿದ್ದರೆ ತುದಿಯಲ್ಲಿ ಏನು ಮಾಡಿದರೂ ದಂಡ. ಮುದುಕ ಒಡಲನ್ನು ಮಟ್ಟಕ್ಕೆ ತಂದು, ನಡುಭಾಗದ ಎರಡು ಕಡೆಯೂ ಕೋನ ಅಳೆದ. ಎಡಕ್ಕೆ ಅರ್ಧ ಡಿಗ್ರಿ ಕಡಿಮೆ. ಎಡ ಹಿಂಗಂಬದ ಬೋಲ್ಟ್ ಬಿಚ್ಚಿದರೆ, ಯಾರೋ ತುರುಕಿದ್ದ ಮೂರು ವಾಷರ್! ಅವು ರೆಕ್ಕೆಯ ಹಿಂಬದಿಯನ್ನು ಎತ್ತಿದ್ದವು. ಹಿಂಬದಿ ಎದ್ದರೆ ಗಾಳಿಗೆ ಒಡ್ಡುವ ಕೋನ ತಗ್ಗುತ್ತದೆ, ಎತ್ತುವ ಬಲವೂ ತಗ್ಗುತ್ತದೆ. ವಾಷರ್ ತೆಗೆದು, ರೆಕ್ಕೆಯಂಚಿನಿಂದ ತೂಕದ ಗುಂಡು ಇಳಿಬಿಟ್ಟು, ಕರ್ಣಗಳನ್ನು ಸರಿಹೊಂದಿಸಿ, ಕಟ್ಟಕಡೆಗೆ ತಂತಿಗಳನ್ನು ಮತ್ತೆ ಬಿಗಿದರು.

ಮರುದಿನ ಹಾರಿದಾಗ ಎಡರೆಕ್ಕೆ ಬೀಳಲಿಲ್ಲ. ಬಲರೆಕ್ಕೆ ಬಿತ್ತು.

ಇದಕ್ಕೆ ಪಕ್ಷಾಂತರ ಎಂದು ಹೆಸರಿಟ್ಟು ಎರಡು ಪುಟ ಬರೆದೂ ಆಗಿತ್ತು, ಅಷ್ಟರಲ್ಲಿ ಮತ್ತೆ ಫೋನ್. ಹಳೆಯ ಯಜಮಾನ ಎಡ ಏಲೆರಾನ್‌ನ (ವಿಮಾನವನ್ನು ಪಕ್ಕಕ್ಕೆ ವಾಲಿಸಲು ರೆಕ್ಕೆಯ ಹಿಂಬದಿಯಲ್ಲಿ ಮೇಲೆಕೆಳಗೆ ಆಡುವ ಹಲಗೆ) ಹಿಂದಿನ ಅಂಚಿಗೆ ಮೇಲ್ಮುಖವಾಗಿ ಬಾಗಿಸಿದ ಅಲ್ಯೂಮಿನಿಯಂ ಪಟ್ಟಿಯೊಂದನ್ನು ರಿವೆಟ್ ಹೊಡೆದಿದ್ದನಂತೆ. ಗಾಳಿ ಅದನ್ನು ಒತ್ತಿದಾಗ ಏಲೆರಾನ್ ಕೆಳಗಿಳಿದು ಎಡರೆಕ್ಕೆಯನ್ನು ಎತ್ತಬೇಕು. ಅದು ವಾಷರ್ ರೋಗಕ್ಕೆ ಕೊಟ್ಟ ಮದ್ದು, ಸಾಲದ ಮದ್ದು. ರೋಗ ಹೋಯಿತು, ಮದ್ದು ಉಳಿಯಿತು. ಪಟ್ಟಿ ಕಿತ್ತ ಮೇಲೆ ಷಡ್ಡಕರು ಕೋಲಿನಿಂದ ಕೈ ತೆಗೆದು, ಆ ಕೈಯಲ್ಲಿ ತಮ್ಮದೇ ಫೋಟೊ ತೆಗೆದು ಕಳಿಸಿದ್ದಾರೆ. ಪಟ್ಟಿ ಈಗ ಅವರ ಅಡುಗೆಮನೆಯ ಕಿಟಕಿ ಅಲ್ಲಾಡದಂತೆ ಸಂದಿಗೆ ಸಿಕ್ಕಿಸಿದೆ.